ಏಳು ಗಂಟೆಯ ಕಾರ್ಡು

ಏಳು ಗಂಟೆಯ ಕಾರ್ಡು ಹಲಗೆಯ ಖಾನೆಯಲ್ಲೂ ಇರಲಿಲ್ಲ, ಮುಗಿದ ಕೆಲಸದ ಕೊಕ್ಕೆಯಲ್ಲೂ ಇರಲಿಲ್ಲ.

ಒಗುರಿ ಮತ್ತೊಮ್ಮೆ ಹುಡುಕಿದ. ಕಾರ್ಖಾನೆಯಲ್ಲಿ ಯಾವ ಯಂತ್ರ ಯಾವ ಹೊತ್ತಿಗೆ ಏನು ಮಾಡಬೇಕೆಂದು ಹೇಳುವುದು ಈ ಹಳದಿ ಕಾರ್ಡುಗಳೇ. ಕಾರ್ಡಿಲ್ಲದೆ ಒಂದು ತಿರುಪನ್ನೂ ಮಾಡುವಂತಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮ್ಯಾನೇಜರ್ ಅವನ್ನು ಎಣಿಸುತ್ತಾರೆ. ಒಂದೇ ಒಂದು ಕಳೆದದ್ದಕ್ಕೆ ಒಗುರಿಗಿಂತ ಹಿಂದೆ ಕಾರ್ಡು ಜೋಡಿಸುವ ಈ ಕೆಲಸದಲ್ಲಿದ್ದವನು ಈಗ ಗೋದಾಮು ಗುಡಿಸುತ್ತಿದ್ದಾನೆ.

ನಿನ್ನೆ ಸಂಜೆ ತಾನೇ ಜೋಡಿಸಿದ್ದು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಸಂಜೆ ಕಾಲೇಜಿನ ಪುಸ್ತಕ. ಮನೆಗೆ ಹೋಗುವ ರೈಲಿಗೆ ಹೊತ್ತಾಗಿ ಓಡಿದ್ದ. ಆಗ ಉಳಿದಿದ್ದವರು ಮೂರನೇ ಯಂತ್ರದ ಕಾಜಿತಾ ಒಬ್ಬರೇ. ಕಾಣೆಯಾಗಿದ್ದೂ ಮೂರನೇ ಯಂತ್ರದ್ದೇ, ಇನ್ನೂರು ಬ್ರೇಕ್ ಪಿನ್ನುಗಳ ಕಾರ್ಡು. ಕೆಲಸ ಹೆಚ್ಚಾಯಿತೆಂದು ಆಕೆ ಮೊನ್ನೆಯಷ್ಟೇ ಗೊಣಗಿದ್ದರು.

ಊಟದ ಹೊತ್ತಿಗೆ ಅವನು ಹತ್ತಿರ ಹೋದ. ಆಕೆಯ ಏಪ್ರನ್ ಜೇಬಿನಲ್ಲಿ ಹಳದಿ ಮೂಲೆಯೊಂದು ಇಣುಕುತ್ತಿತ್ತು. ಆಕೆ ಅದನ್ನು ಒಳಕ್ಕೆ ತಳ್ಳಿದರು.

"ಕಾಜಿತಾ-ಸಾನ್, ಏಳು ಗಂಟೆ ಕಾರ್ಡು ನೋಡಿದ್ರಾ?"

"ಪಿನ್ನಿನ ಚಿಂತೆ ಬಿಡು, ಎರಡು ಗಂಟೆ ಲಾರಿಗೆ ಸಿಗುತ್ತೆ. ಮೊದಲು ಊಟ ಮಾಡು, ಒಗುರಿ-ಕುನ್. ದಿನಾ ಪುಸ್ತಕ ಬಿಚ್ಕೊಂಡೇ ತಿಂತೀಯಲ್ಲ, ಇವತ್ತು ಪುಸ್ತಕಕ್ಕೂ ಉಪವಾಸನಾ?"

ಸುತ್ತಲಿದ್ದವರು ನಕ್ಕರು. ಮೂವತ್ತು ದಾಟಿಯೂ ಪರೀಕ್ಷೆ ಬರೆಯುವವನನ್ನು ಚುಚ್ಚಿದ ಮಾತು. ಅನ್ನದುಂಡೆಯನ್ನು ಮುಟ್ಟದೆ, ಅವನು ನೇರವಾಗಿ ಮ್ಯಾನೇಜರ್ ಕೋಣೆಗೆ ನಡೆದ.

ಮ್ಯಾನೇಜರ್ ಕರೆಸಿದಾಗ ಕಾಜಿತಾ ಅವರ ಜೇಬಿನಿಂದ ಹೊರಬಂದದ್ದು ಕಳೆದುಹೋದ ಕಾರ್ಡಲ್ಲ, ಹಳದಿ ಕಾಗದದ ಮೇಲೆ ಕೈಯಲ್ಲಿ ಬರೆದ ನಕಲು. ಬೆಳಿಗ್ಗೆ ಖಾನೆ ಖಾಲಿಯಿತ್ತಂತೆ, ಕಾಯುತ್ತಾ ಕೂತರೆ ಲಾರಿ ತಪ್ಪುತ್ತಿತ್ತಂತೆ. ನಿಜವಾದದ್ದೆಲ್ಲಿ ಎಂದು ಮ್ಯಾನೇಜರ್ ಕೇಳಿದರು. ಕಾಜಿತಾ ಒಗುರಿಯತ್ತ ಒಮ್ಮೆ ನೋಡಿದರು. ಅವನು ಮುಖ ತಿರುಗಿಸಿದ.

"ನಾನೇ ಕಳೆದುಬಿಟ್ಟೆ," ಎಂದು ಆಕೆ ತಲೆ ಬಾಗಿಸಿದರು.

ಆಕೆಯ ನಿವೃತ್ತಿಗೆ ಇನ್ನೆರಡೇ ತಿಂಗಳಿತ್ತು. ಕಳೆದದ್ದನ್ನಾದರೂ ಕ್ಷಮಿಸಬಹುದಿತ್ತು, ನಕಲು ಕಾರ್ಡನ್ನಲ್ಲ, ನಾಳೆಯಿಂದ ಬರಬೇಡಿ ಎಂದರು ಮ್ಯಾನೇಜರ್. ಮೂವತ್ತೊಂದು ವರ್ಷದ ಏಪ್ರನ್ ಅನ್ನು ಆಕೆ ಅಂಚಿಗೆ ಅಂಚು ಸೇರಿಸಿ ಮಡಚಿ ಮೇಜಿನ ಮೇಲಿಟ್ಟು ಹೋದರು. ಎರಡಕ್ಕೆ ಲಾರಿ ಹೊರಟಿತು. ಇನ್ನೂರು ಪಿನ್ನುಗಳಲ್ಲಿ ಒಂದೂ ಕಡಿಮೆ ಇರಲಿಲ್ಲ.

ಸಂಜೆ ತರಗತಿಯಲ್ಲಿ ಒಗುರಿ ಆ ದಿನ ಮೊದಲ ಬಾರಿಗೆ ಪುಸ್ತಕ ತೆಗೆದ. ನಿನ್ನೆ ಓದು ನಿಲ್ಲಿಸಿದ್ದ ಪುಟ ತಾನಾಗಿಯೇ ತೆರೆದುಕೊಂಡಿತು.

ಪುಟದ ಗುರುತಿಗೆ ಒಂದು ಹಳದಿ ಕಾರ್ಡಿತ್ತು: ಮೂರನೇ ಯಂತ್ರ, ಏಳು ಗಂಟೆ.