ಅಳುವಿನ ಪಾಲು

ನರ್ಸಿಂಗ್ ಕಾಲೇಜಿನ ಆನ್‌ಲೈನ್ ಕ್ಲಾಸು ಎಂದಿನಂತೆ ದುಃಖ ಹಂಚಿಕೊಳ್ಳುವುದರಿಂದಲೇ ಶುರುವಾಯಿತು. ಎಲ್ಲರೂ ತಂತಮ್ಮ ಪರದೆಯ ಮೇಲೆ ಅಂಗೈ ಇಟ್ಟರು. ಗದಗಿನ ಅಡುಗೆಮನೆಯಲ್ಲಿ ಕೂತಿದ್ದ ದಾನೇಶ್ವರಿಯ ಕಣ್ಣು ತುಂಬಿ ಬಂತು.

ರೊಟ್ಟಿ ಬಡಿಯುತ್ತಿದ್ದ ತಾಯಿ ನೀಲವ್ವ ಗಾಬರಿಯಾದಳು. “ಯಾಕವ್ವಾ, ಮೇಡಮ್ ಬೈದ್ರೇನು?”

“ಇದು ನನ್ನ ಅಳು ಅಲ್ಲವ್ವಾ, ಬೀದರಿನ ಫರ್ಹಾನಾಂದು. ನಿನ್ನೆ ಆಕಿ ನೋಡ್ಕೋತಿದ್ದ ಪೇಷಂಟ್ ತೀರ್ಕೊಂಡ್ರು. ಆಕಿ ಒಬ್ಬಾಕಿನೇ ದುಃಖ ಹೊರಬಾರದಂತ ಎಲ್ಲಾರೂ ಪಾಲು ತಗೊಳ್ಳಾಕತ್ತೇವಿ.”

ನೀಲವ್ವ ಮಗಳನ್ನು ಕಣ್ತುಂಬ ನೋಡಿದಳು. ಹಿಟ್ಟಿನ ಕೈಯನ್ನೇ ಅವಳ ಕೈಯ ಪಕ್ಕದಲ್ಲಿ ಪರದೆಗೆ ಒತ್ತಿದಳು. “ನನಗೂ ಒಂದು ಪಾಲು ಕೊಡ್ರಿ.”

ಪರದೆಯಲ್ಲಿ ಫರ್ಹಾನಾ ಮೆಲ್ಲಗೆ ತಲೆಯೆತ್ತಿದಳು. “ಬಿಸಿ ರೊಟ್ಟಿ ವಾಸನಿ ಬರಾಕತ್ತದ. ಯಾರ ಕೈ ಇದು?”

ದಾನೇಶ್ವರಿ ಕಣ್ಣೊರೆಸಿಕೊಳ್ಳದೆ, ಎದೆಯುಬ್ಬಿಸಿ ಹೇಳಿದಳು: “ನಮ್ಮವ್ವನ ಕೈ.”