ಎರಡು ಓಣಿ

ಮಹಿಳಾ ಸಂಘಕ್ಕೆ ಅನುದಾನ ಬಂತು. ಮೇಲಿನ ಓಣಿಯ ಬಡಕಲು ಮಕ್ಕಳಿಗೆ ದಿನಾ ಶೇಂಗಾ ಉಂಡಿ ಕೊಡಬೇಕು, ಕೆಳಗಿನ ಓಣಿಯ ಬಡಕಲು ಮಕ್ಕಳನ್ನು ಬರೀ ತೂಗಬೇಕು ಎಂದರು ಅನುದಾನದ ಸಾಹೇಬರು.

"ನಮ್ಮ ಓಣಿ ಕೂಸುಗಳು ಏನ ಪಾಪ ಮಾಡ್ಯಾವ್ರೀ?" ಎಂದಳು ಉಂಡಿ ಕಟ್ಟುವ, ಕೆಳಗಿನ ಓಣಿಯ ದ್ಯಾಮವ್ವ. ಅವಳ ಮೊಮ್ಮಗಳಿಗೆ ಎದ್ದು ನಿಲ್ಲಲೂ ತ್ರಾಣವಿರಲಿಲ್ಲ.

"ಇದು ಪ್ರಯೋಗ, ಯವ್ವಾ. ಫರಕು ಕಂಡರೆ ಮುಂದೆ ಎಲ್ಲರಿಗೂ ಕೊಡ್ತೀವಿ."

ಸಾಹೇಬರ ಜೀಪು ಹೋದದ್ದೇ ತಡ, ಹೆಂಗಸರು ಉಂಡಿಗಳನ್ನು ಮುರಿದು ಎರಡೂ ಓಣಿಗೆ ಸಮನಾಗಿ ಹಂಚತೊಡಗಿದರು. ಮಕ್ಕಳ ಕೆನ್ನೆ ತುಂಬಿದವು. ದ್ಯಾಮವ್ವನ ಮೊಮ್ಮಗಳು ಓಡಾಡತೊಡಗಿದಳು.

ಸುಗ್ಗಿ ಮುಗಿದ ಮೇಲೆ ಸಾಹೇಬರು ಬಂದು ಎಲ್ಲ ಮಕ್ಕಳನ್ನೂ ತೂಗಿಸಿದರು.

"ಎರಡೂ ಓಣಿ ಸಮಾ ಆಗ್ಯಾವಲ್ರೀ!" ದ್ಯಾಮವ್ವ ಹಿಗ್ಗಿದಳು.

"ಹೌದು. ತಿಂದವರಿಗೂ ತಿನ್ನದವರಿಗೂ ಫರಕೇ ಇಲ್ಲ," ಎಂದರು ಸಾಹೇಬರು. "ಉಂಡಿ ದಂಡ. ನಾಳೆಯಿಂದ ಬಂದ್ ಮಾಡ್ರಿ."