ಒಂದು ಹಿಡಿ ಕೊಸರು

“ಒಂದು ಕೊಂಡರೆ ಇನ್ನೊಂದು ಉಚಿತ ಅಂತ ಇಷ್ಟು ದಪ್ಪಕ್ಕೆ ಬರ್ದಿದೀರಲ್ಲ, ಉಚಿತ ಎಲ್ಲಿದೆ ಸ್ವಲ್ಪ ತೋರಿಸಿ,” ಎನ್ನುತ್ತ ನಾಮ್‌ಹಿ ಎಳ್ಳೆಣ್ಣೆಯ ಎರಡು ಬಾಟಲಿಗಳನ್ನು ಬಿಲ್ ಕೌಂಟರಿನ ಮೇಲೆ ಕುಕ್ಕಿದಳು. ಮಾಸಾನ್ ಬಂದರಿನ ಬೀದಿಯ ಆ ಸೂಪರ್ ಮಾರ್ಕೆಟ್ಟಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ಮುಗುಳ್ನಗುವ ಪ್ರಯತ್ನ ಮಾಡಿದ. ಅವಳು ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಳು. ಹೋದ ವಾರ ತೆಗೆದ ಫೋಟೋದಲ್ಲಿ ಬಾಟಲಿಗೆ ಆರು ಸಾವಿರ ವಾನ್. ಈ ವಾರ ಜೋಡಿಗೆ ಹನ್ನೆರಡು ಸಾವಿರ.

“ಬೆಲೆ ಹೆಡ್ಡಾಫೀಸಿಂದ ಬರುತ್ತೆ ಮೇಡಂ. ನಾವು ಚೀಟಿ ಅಂಟಿಸೋರು ಅಷ್ಟೆ.”

“ಹಾಗಾದ್ರೆ ನಮ್ಮ ಕಣ್ಣಿಗೂ ಒಂದು ಅಂಟಿಸಿಬಿಡಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾಮ್‌ಹಿಯನ್ನು ಏಮಾರಿಸುವುದು ಸುಲಭವಲ್ಲ. ದಪ್ಪ ಅಕ್ಷರದ ಬೆಲೆಯನ್ನು ಬಿಟ್ಟು, ಕೆಳಗೆ ಇರುವೆ ಹರಿದಂತೆ ಬರೆದಿರುವ ನೂರು ಗ್ರಾಮಿನ ಬೆಲೆಯನ್ನೇ ಅವಳು ಓದುತ್ತಾಳೆ. ಬಿಲ್ಲನ್ನು ಬಾಗಿಲಲ್ಲೇ ನಿಂತು ತಾಳೆ ನೋಡದೆ ಹೊರಗೆ ಕಾಲಿಡುವುದಿಲ್ಲ. ಈ ಕಾರಣಕ್ಕೇ ಅವಳ ಗಂಡ ಅವಳ ಜೊತೆ ಅಂಗಡಿಗೆ ಬರುವುದನ್ನು ಬಿಟ್ಟಿದ್ದ.

ಇವತ್ತು ಅವಳ ತಾಯಿ ಮಾಲ್‌ಸುನ್ ಹಠ ಮಾಡಿ ಜೊತೆಗೆ ಬಂದಿದ್ದಳು. ಸಾರಿಗೆ ಹಾಕುವ ಒಣಮೀನನ್ನು ತಾನೇ ಆರಿಸಬೇಕಂತೆ. ತೂಕ ಹಾಕಿಸಿ, ಬೆಲೆಯ ಚೀಟಿ ಅಂಟಿಸಿಕೊಂಡು ಬರುತ್ತಿದ್ದ ಮುದುಕಿ ಮೀನಿನ ರಾಶಿಯ ಮುಂದೆ ನಿಂತಳು. ಚೀಲದ ಬಾಯಿ ಬಿಚ್ಚಿದಳು. ತನ್ನ ಮನೆಯ ಡಬ್ಬಿಗೆ ಕೈ ಹಾಕುವಷ್ಟೇ ನಿರಾಳವಾಗಿ ಇನ್ನೊಂದು ಹಿಡಿ ಮೀನನ್ನು ಒಳಗೆ ತುಂಬಿಕೊಂಡಳು. ನಾಮ್‌ಹಿ ನೋಡಿದಳು. ಮ್ಯಾನೇಜರ್ ಕೂಡ ನೋಡಿದ, ಅವನಿಗೂ ಅಷ್ಟೇ ಬೇಕಾಗಿತ್ತು.

“ಅಜ್ಜಿ, ತೂಕ ಆದ್ಮೇಲೆ ಕೈ ಹಾಕಿದ್ರಲ್ಲ. ಅದಕ್ಕೆ ಏನಂತಾರೆ ಗೊತ್ತಾ?”

“ಗೊತ್ತಿಲ್ದೆ ಏನಪ್ಪಾ. ಕೊಸರು.”

“ಇಲ್ಲಿ ಅದಕ್ಕೆ ಕಳ್ಳತನ ಅಂತಾರೆ,” ಎಂದ ಅವನು, ಸಾಲಿನ ಕೊನೆಯವರಿಗೂ ಕೇಳುವ ಹಾಗೆ.

ನಾಮ್‌ಹಿ ಸಾಲಿನತ್ತ ತಿರುಗಿದಳು. ಸಾಲಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಅವರ ಕಟ್ಟಡದವರೇ. ಇನ್ನೊಬ್ಬರ ಗುಂಡುಸೂಜಿಗೂ ಆಸೆಪಡದ ಜೀವ ಅವರೆಲ್ಲರ ಎದುರು ಕಳ್ಳಿಯಾಗಿ ನಿಂತಿತ್ತು. ಮಾಲ್‌ಸುನ್ ಮಾತ್ರ ಏನೂ ಅರ್ಥವಾಗದೆ ಮಗಳ ಮುಖ ನೋಡಿದಳು. “ಯಾರೂ ಹಾಕ್ಲಿಲ್ಲ ಕಣೇ. ತೂಕ ಮಾಡೋ ಹೆಂಗಸು ಪಾಪ ಮರ್ತಿರ್ಬೇಕು ಅಂತ ನಾನೇ ಹಾಕ್ಕೊಂಡೆ.”

ಮರೆಯದಿದ್ದವಳು ಒಬ್ಬಳಿದ್ದಳು. ಹಳೇ ಬಂದರು ಸಂತೆಯಲ್ಲಿ ಒಣಮೀನು ಮಾರುತ್ತಿದ್ದ ಅವಳನ್ನು ಎಲ್ಲರೂ ತೊಂಗ್ಯೊಂಗ್ ಊರಿನವಳು ಎಂದೇ ಕರೆಯುತ್ತಿದ್ದರು. ಅವಳು ತೂಗಿ ಕೊಟ್ಟರೂ ಅಮ್ಮ ಕದಲುತ್ತಿರಲಿಲ್ಲ. “ಇಷ್ಟೇನಾ? ನಿನ್ನ ಕೈ ಇವತ್ತು ಉಪವಾಸಾನಾ?” ಎಂದು ಅಮ್ಮ. “ನಿನ್ನಂಥೋರು ಇನ್ನಿಬ್ರು ಬಂದ್ರೆ ನಾನು ಸಮುದ್ರಕ್ಕೆ ಹಾರ್ಬೇಕು,” ಎಂದು ಅವಳು. ಬೈಯುತ್ತಲೇ ಒಂದು ಹಿಡಿ, ಅಮ್ಮ ಇನ್ನೂ ನಿಂತೇ ಇದ್ದರೆ ಮತ್ತರ್ಧ ಹಿಡಿ. ಕೊಸರು ಬೀಳದ ಚೀಲಕ್ಕೆ ಗಂಟು ಹಾಕುವ ಪದ್ಧತಿಯೇ ಅಲ್ಲಿರಲಿಲ್ಲ. ಎಳೆಯ ನಾಮ್‌ಹಿಯ ಬಾಯಿಗೂ ಒಂದು ಮೀನು ಬೀಳುತ್ತಿತ್ತು, ಮನೆ ತಲುಪುವವರೆಗೂ ನಾಲಿಗೆಯ ಮೇಲೆ ಅದರ ಉಪ್ಪು. ಈಗ ಸಂತೆಯ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ, ತೊಂಗ್ಯೊಂಗಿನವಳೂ ಹೋಗಿಬಿಟ್ಟಳು. ಅಂಗಡಿಯವರ ಜೊತೆ ನಗುನಗುತ್ತಾ ಜಗಳವಾಡಿ ಎಷ್ಟು ಕಾಲವಾಯಿತು ಎಂದು ನಾಮ್‌ಹಿ ನೆನೆದಳು.

“ತೂಗಿ,” ಎಂದಳು ಅವಳು. “ಜಾಸ್ತಿ ಎಷ್ಟಿದೆಯೋ ಅಷ್ಟಕ್ಕೂ ದುಡ್ಡು ಕೊಡ್ತೀನಿ. ಆದ್ರೆ ಆ ಮಾತು ವಾಪಸ್ ತಗೋಬೇಕು ನೀವು.”

ಮ್ಯಾನೇಜರ್ ಚೀಲವನ್ನು ಕೌಂಟರಿನ ತಕ್ಕಡಿಯ ಮೇಲಿಟ್ಟ. ಚೀಟಿಯಲ್ಲಿ ಅರ್ಧ ಕಿಲೋ ಎಂದಿತ್ತು. ತಕ್ಕಡಿ ನಾನೂರ ಎಪ್ಪತ್ತು ಗ್ರಾಂ ತೋರಿಸಿತು. ಅವನು ಎತ್ತಿ ಮತ್ತೆ ಇಟ್ಟ, ಆಗಲೂ ಅಷ್ಟೇ ತೋರಿಸಿತು. ಒಳಗಿನಿಂದ ಓಡಿಬಂದ ತೂಕದ ಹೆಂಗಸು ಸಣ್ಣ ದನಿಯಲ್ಲಿ, “ಸ್ಟೀಲ್ ತಟ್ಟೆ ಸಮೇತ ತೂಗಿಬಿಟ್ಟೆ ಅನ್ಸುತ್ತೆ ಸಾರ್,” ಎಂದಳು.

“ಒಂದು ಹಿಡಿ ಜಾಸ್ತಿ ಹಾಕಿದ್ರೂ ಅರ್ಧ ಕಿಲೋ ಆಗಿಲ್ಲ,” ಎಂದಳು ನಾಮ್‌ಹಿ. “ಇದಕ್ಕೆ ಇಲ್ಲಿ ಏನಂತಾರೆ?”

ಮ್ಯಾನೇಜರ್ ಸೊಂಟ ಬಾಗಿಸಿ ಮುದುಕಿಯ ಮುಂದೆ ತಲೆ ತಗ್ಗಿಸಿದ. “ತಪ್ಪಾಯ್ತು ಅಜ್ಜಿ. ಆ ಮಾತು ಆಡಬಾರದಿತ್ತು. ವ್ಯತ್ಯಾಸದ ದುಡ್ಡು ಈಗ್ಲೇ ವಾಪಸ್ ಕೊಡ್ತೀನಿ.”

ಮಾಲ್‌ಸುನ್ ಮಗಳ ತೋಳು ಎಳೆದು ಏನಾಯ್ತೆಂದು ಕೇಳಿದಳು. ನಾಮ್‌ಹಿ ಬಿಡಿಸಿ ಹೇಳಿದಳು. ಮುದುಕಿಗೆ ಸಿಟ್ಟೇನೂ ಬರಲಿಲ್ಲ, ಮುಖ ಮಾತ್ರ ಸಪ್ಪಗಾಯಿತು.

“ಅಂದ್ರೆ ಕೊಸರು ಇನ್ನೂ ಬಂದೇ ಇಲ್ಲ ಅನ್ನು.”

“ಅಜ್ಜಿ, ಕೊಸರಿಗೆ ಈ ಮಷಿನ್ನಲ್ಲಿ ಬಟನ್ ಇಲ್ಲ,” ಎಂದ ಮ್ಯಾನೇಜರ್, ಮೆಲ್ಲಗೆ.

“ಬಟನ್ ಯಾಕಪ್ಪಾ?” ಎಂದಳು ಮಾಲ್‌ಸುನ್. “ಕೈ ಇದೆಯಲ್ಲ.”